ಅತ್ತೆಯ ನೋವು, ಮಾಮಾನ ಗುಳಿಗೆ

ನಮ್ಮ ಅತ್ತೆಗೆ ಇವತ್ತಿನವರೆಗೆ ಸಣ್ಣ ನೋವು ಎಂಬುದು ಬಂದೇ ಇಲ್ಲ. ಬಂದರೆ ಇಡೀ ಭಾಂಡುಪಿಗೆ ಗೊತ್ತಾಗುವಂಥದ್ದೇ ಬರಬೇಕು. ಅತ್ತೆ ಎಂದರೆ ನನ್ನ ತಂದೆಯ ತಂಗಿ. ಮದುವೆಯಾಗಿ ಧಾರವಾಡದಿಂದ ಮುಂಬಯಿಯ ಈ ಭಾಂಡುಪಿಗೆ ಬಂದು ಮೂವತ್ತೆಂಟು ವರ್ಷವಾಯಿತು. ನಾನಿರುವುದು ಅದೇ ಕಾಲನಿಯ ಎದುರು ಬಿಲ್ಡಿಂಗಿನಲ್ಲಿ. ಹಾಗಾಗಿ ಅವಳ ನೋವಿನ ಸುದ್ದಿ ಮೊದಲು ಮುಟ್ಟುವುದು ನನಗೆ.

ತಲೆ ನೋಯುತ್ತಿದ್ದರೆ ನಾವು ನೀವು ತಲೆನೋವು ಎನ್ನುತ್ತೇವೆ. ಅತ್ತೆ ಅನ್ನುವುದು ಹೀಗೆ: "ಬೇಬಿ, ಕುರ್ಲಾದಾಗ ಮೇಲ್ ಗಾಡಿ ನಿಲ್ಲಲಾರದ ಧಡಧಡ ಹೋಗ್ತದಲ್ಲ, ಹಂಗ ಈ ಕಿವಿಯಿಂದ ಆ ಕಿವಿಗೆ ಹೊಂಟದ ನೋಡು." (ನಲವತ್ತಾರು ವರ್ಷದ ನನ್ನನ್ನು ಬೇಬಿ ಎನ್ನುವವರು ಈಗ ಉಳಿದಿರುವುದು ಮೂವರೇ.) ಒಮ್ಮೆ ಕಾಯಿ ತುರಿಯುವಾಗ ಬೆರಳಿಗೆ ಗೀರಾಯಿತು. ಆ ಗೀರನ್ನು ವಾಚ್‌ಮನ್ನಿಗೆ ಹಿಂದಿಯಲ್ಲಿ, ಭಾಜಿ ಮಾರುವವಳಿಗೆ ಮರಾಠಿಯಲ್ಲಿ, ಫೋನಿನಲ್ಲಿ ನನ್ನ ಅಪ್ಪನಿಗೆ ಕನ್ನಡದಲ್ಲಿ ವರ್ಣಿಸಿದಳು. ಅಪ್ಪ ಗಾಬರಿಯಾಗಿ ಮಾಟುಂಗದಿಂದ ಲೋಕಲ್ ಹಿಡಿದು ಬಂದಾಗ, ಗೀರು ಯಾವ ಬೆರಳಿಗಾಗಿತ್ತು ಎಂಬುದೇ ಅತ್ತೆಗೆ ನೆನಪಿರಲಿಲ್ಲ. ಅಂದಿನಿಂದ ಮನೆಯಲ್ಲಿ ಒಂದು ರೂಢಿ. ಅತ್ತೆ ಹೇಳಿದ ನೋವನ್ನು ನಾಲ್ಕರಿಂದ ಭಾಗಿಸಬೇಕು. 'ಸತ್ತೇ ಹೋಗ್ತೀನಿ' ಎಂದರೆ ಗ್ಯಾಸು. 'ಇನ್ನ ನನ್ನ ಆಸೆ ಬಿಡ್ರಿ' ಎಂದರೆ ನೆಗಡಿ.

ಅವಳ ಗಂಡ, ನಮ್ಮ ಮಾಮಾ, ಇದಕ್ಕೆ ಪೂರ್ತಿ ಉಲ್ಟಾ. ಕಾರ್ಖಾನೆಯಲ್ಲಿ ಲೇಥ್ ಮಶೀನಿನ ಮುಂದೆ ಮೂವತ್ತು ವರ್ಷ ನಿಂತು ನಿವೃತ್ತರಾದವರು. ಆ ಸದ್ದಿನಲ್ಲಿ ಮಾತಾಡಿ ಉಪಯೋಗವಿಲ್ಲ ಎಂದು ಅಲ್ಲಿ ಬಿಟ್ಟ ಮಾತನ್ನು ಮನೆಗೆ ಬಂದ ಮೇಲೂ ಎತ್ತಿಕೊಳ್ಳಲಿಲ್ಲ. 'ಹೂಂ', 'ನೋಡೋಣ', 'ಚಾ'. ಈ ಮೂರರಲ್ಲಿ ಅವರ ದಿನ ಮುಗಿಯುತ್ತಿತ್ತು. ಸಕ್ಕರೆ ಕಾಯಿಲೆ ಬಂದ ಮೇಲೆ ಆ ಚಹಾಕ್ಕೂ ಅತ್ತೆ ಸಕ್ಕರೆ ಹಾಕುವುದನ್ನು ನಿಲ್ಲಿಸಿದ್ದಳು.

ಹೋದ ವರ್ಷ ಅತ್ತೆ ಬಿದ್ದಳು. ಬಿದ್ದದ್ದಾದರೂ ಹೇಗೆ ಅಂತೀರಿ? ಮೂರನೇ ಮಹಡಿಯ ಹೆಂಗಸೊಬ್ಬರು ಹಿಂದಿನ ದಿನ ಮೆಟ್ಟಿಲಲ್ಲಿ ಜಾರಿದ್ದರು. ಅವರು ಜಾರಿದ ಬಗೆಯನ್ನು ಅತ್ತೆ, ಕೆಳಗೆ ಕೂತಿದ್ದ ನಾಲ್ಕು ಜನ ಹೆಂಗಸರಿಗೆ, ಅದೇ ಮೆಟ್ಟಿಲ ಮೇಲೆ ನಿಂತು ಮಾಡಿ ತೋರಿಸುತ್ತಿದ್ದಳು. ಕಾಲು ಹೀಗಿಟ್ಟರು, ಸೀರೆ ಹೀಗೆ ಸಿಕ್ಕಿತು, ಕೈ ಹೀಗೆ ಮೇಲೆ ಹೋಯಿತು ಎನ್ನುತ್ತ ನಿಜವಾಗಿಯೇ ಉರುಳಿದಳು. ಹೆಂಗಸರು ಚಪ್ಪಾಳೆ ತಟ್ಟಿದರು. "ಕ್ಯಾ ಆಕ್ಟಿಂಗ್ ಹೈ, ಭಾಭೀಜಿ" ಎಂದು ಒಬ್ಬರು ಹೊಗಳಿದರು. ಭಾಭೀಜಿ ಏಳಲಿಲ್ಲ. ಪಾದದ ಗಂಟಿನ ಎಲುಬು ಎರಡು ಕಡೆ ಮುರಿದಿತ್ತು.

ಆಪರೇಷನ್ ಮಾಡಿ ಎಲುಬಿಗೆ ಪ್ಲೇಟು ಕೂಡಿಸಿ ಸ್ಕ್ರೂ ಬಿಗಿದರು. ಮನೆಗೆ ಕಳಿಸುವಾಗ ಡಾಕ್ಟರು ನೋವಿಗೆಂದು ಒಂದು ಗುಳಿಗೆ ಬರೆದು ಕೊಟ್ಟು, ಇದು ಅಫೀಮಿನ ಜಾತಿಯ ಔಷಧಿ, ಹೇಳಿದಷ್ಟೇ ತೆಗೆದುಕೊಳ್ಳಬೇಕು, ಮನೆಯಲ್ಲಿ ಬೇರೆ ಯಾರೂ ಮುಟ್ಟಕೂಡದು ಎಂದು ಹಿಂದಿಯಲ್ಲಿ ಎಚ್ಚರಿಸಿದರು. ಇಷ್ಟೆಲ್ಲದರಲ್ಲಿ ಅತ್ತೆಯ ಕಿವಿಗೆ ಬಿದ್ದದ್ದು ಒಂದೇ ಶಬ್ದ. ಕಾಲನಿಯ ಗೇಟಿನಲ್ಲಿ ರಿಕ್ಷಾ ನಿಂತಾಗ, ಕಾಲಿಗೆ ಏನಾಯಿತೆಂದು ವಾಚ್‌ಮನ್ ಕೇಳುವ ಮೊದಲೇ ಹೇಳಿಬಿಟ್ಟಳು: "ಮುಝೆ ಅಫೀಮ್ ದಿಯಾ ಹೈ."

ನೋಡಲು ಬಂದವರೆಲ್ಲ ಗುಳಿಗೆಯ ಹೆಸರು ಓದಿ ತಮ್ಮ ತಮ್ಮ ಪುರಾಣ ತೆಗೆದರು. ನೆಲಮಹಡಿಯ ಭಾಭಿಗೆ ಮಂಡಿಯ ಆಪರೇಷನ್ ಆದಾಗ ಇದೇ ಗುಳಿಗೆಯಂತೆ. ಮೂರು ದಿನ ವಾಂತಿ, ಮೈಯೆಲ್ಲ ತುರಿಕೆ. ಪಕ್ಕದ ಮನೆಯ ಕಾಕಾ ಇದನ್ನು ನುಂಗಿ ಮಲಗಿದವರು ಮೊಮ್ಮಗನಿಗೆ ಹೆಸರಿಡುವ ಬಾರಸೆಯ ಊಟಕ್ಕೂ ಏಳಲಿಲ್ಲವಂತೆ. ನನ್ನ ಆಫೀಸಿನ ಒಬ್ಬಳಿಗೆ ಕ್ಯಾಲೆಂಡರಿನ ತಾರೀಖುಗಳು ಇರುವೆಗಳಾಗಿ ಗೋಡೆ ತುಂಬ ಹರಿದಾಡಿದ್ದವು. ಅತ್ತೆ ಎಲ್ಲವನ್ನೂ ಆಸೆಯಿಂದ ಕೇಳಿಸಿಕೊಂಡು ತನ್ನ ಪಾಲಿಗೆ ಏನು ಬರುತ್ತದೋ ಎಂದು ಕಾದಳು. ವಾಂತಿ ಬರಲಿಲ್ಲ, ತುರಿಕೆ ಬರಲಿಲ್ಲ, ಇರುವೆ ಬರಲಿಲ್ಲ. ನೋವೂ ಹೋಗಲಿಲ್ಲ.

"ಬೇಬಿ, ಈ ಗುಳಿಗಿ ಖಾಲಿ ಅದ," ಅಂದಳು. "ಒಳಗ ಬರೇ ಸುಣ್ಣ ತುಂಬ್ಯಾರ."

ನಾನು ನಕ್ಕೆ. ಆಫೀಸಿಗೆ ಹೊರಟಿದ್ದ ಅವಳ ಮಗ ಬೂಟು ಕಟ್ಟುತ್ತ, "ಮಮ್ಮಿ, ಇತ್ನಾ ಸ್ಟ್ರಾಂಗ್ ಗೋಲಿ ಅದ. ಇನ್ನೂ ಪೇನ್ ಹೆಂಗ ಇರ್ತದ? ಥೋಡಾ ಡ್ರಾಮಾ ಕಮ್ಮಿ ಮಾಡು" ಅಂದ. ನೆಲಮಹಡಿಯ ಭಾಭಿಯಂತೂ ತನ್ನ ವಾಂತಿಗೇ ಅವಮಾನವಾಯಿತು ಎಂಬಂತೆ ಮುಖ ಮಾಡಿದಳು.

ಮೂರನೆಯ ದಿನ ಸಂಜೆ "ಹ್ಯಾಂಗದ, ಅತ್ತಿ?" ಎಂದು ಕೇಳಿದೆ. "ಅದ," ಅಂದಳು. ಅಷ್ಟೇ. ಮೇಲ್ ಗಾಡಿ ಇಲ್ಲ, ಸುತ್ತಿಗೆ ಇಲ್ಲ, ಕುದಿಯುವ ಎಣ್ಣೆ ಇಲ್ಲ. ಸದ್ಯ ಗುಳಿಗೆ ಹತ್ತಿತು ಎಂದುಕೊಂಡೆ. ಬಾಗಿಲ ತನಕ ಬಂದ ಮಾಮಾ ತಗ್ಗಿದ ದನಿಯಲ್ಲಿ, "ಆಕಿ ಸುಮ್ಮಾಗ್ಯಾಳ" ಅಂದರು.

"ಚಲೋ ಆತಲ್ಲ ಮಾಮಾ, ಆರಾಮ ಆಗಿರಬೇಕು."

ಅವರು ನನ್ನನ್ನು ಒಂದು ಸಲ ನೋಡಿ ಒಳಗೆ ಹೋದರು. ಆ ನೋಟ ನನಗೆ ಅರ್ಥವಾಗಲಿಲ್ಲ. ಖುಷಿಯಿಂದಲೇ ಮನೆಗೆ ಬಂದೆ.

ಮರುದಿನ ಭಾನುವಾರ. ಹನ್ನೊಂದರ ಸುಮಾರಿಗೆ ಅತ್ತೆಯ ಫೋನು ಬಂತು. "ಬಾ," ಅಂದಳು. ಆಮೇಲೆ ಏನೂ ಇಲ್ಲ. ಅತ್ತೆಯ ಫೋನೆಂದರೆ ಒಂದು ಕೈಯಲ್ಲಿ ಕುಕ್ಕರು ಇಳಿಸಿ, ಅನ್ನ ಬಡಿಸಿ, ಉಂಡು ಮುಗಿಸುವಷ್ಟು ಉದ್ದ. ಆ ಒಂದಕ್ಷರಕ್ಕೆ ನಾನು ಚಪ್ಪಲಿ ಹಾಕಿಕೊಳ್ಳದೆ ಓಡಿದೆ.

ಆಗಿದ್ದು ಇಷ್ಟು. ಬೆಳಿಗ್ಗೆ ಹತ್ತಕ್ಕೆ ಮಾಮಾ ಅತ್ತೆಯ ಗುಳಿಗೆಗಳಲ್ಲಿ ಒಂದನ್ನು ಬಿಡಿಸಿ ಚಹಾದ ಜೊತೆ ತಾವೇ ನುಂಗಿದ್ದರು. ಮುಕ್ಕಾಲು ಗಂಟೆಯಲ್ಲಿ ಮಾತು ಶುರುವಾಯಿತು. ಸಾಮಾನ್ಯ ಮಾತಲ್ಲ. ಮದುವೆಯಾದ ಹೊಸತರಲ್ಲಿ ಮಾಟುಂಗದ ಕನ್ನಡ ಸಂಘದ ನಾಟಕದಲ್ಲಿ ಅತ್ತೆ ರಾಣಿಯ ಪಾರ್ಟು ಮಾಡಿದ್ದು, ಆ ದನಿ ಕೇಳಿ ತಾವು ಹಿಂದಿನ ಸಾಲಿನಿಂದ ಎದ್ದು ಮುಂದೆ ಬಂದು ಕೂತದ್ದು, ಆಕೆಯ ಸೀರೆಯ ಬಣ್ಣ, ಸೆರಗಿನ ಅಂಚು. ಅತ್ತೆ ಕಾಲಿನ ನೋವು ಮರೆತು ಬಾಯಿ ತೆರೆದುಕೊಂಡು ಕೇಳಿದಳಂತೆ. ಅಂಚಿನ ಬಣ್ಣ ಹೇಳುವಷ್ಟರಲ್ಲಿ ಮಾತು ನಡುವೆಯೇ ನಿಂತಿತು. ಚಹಾದ ಖಾಲಿ ಕಪ್ ಕೈಯಿಂದ ಜಾರಿತು. ಕರೆದರೆ ಏಳಲಿಲ್ಲ.

ನಾನು ಹೋದಾಗ ಅತ್ತೆ ನೆಲದ ಮೇಲೆ ಕುಳಿತು, ಪಟ್ಟಿ ಕಟ್ಟಿದ ಕಾಲನ್ನು ಎಳೆದುಕೊಂಡೇ ಅವರ ಹತ್ತಿರ ಬಂದು, ಎದೆಯ ಮೇಲೆ ಕೈಯಿಟ್ಟು ಉಸಿರು ಎಣಿಸುತ್ತಿದ್ದಳು. "ತಡಾ ಆಗ್ಲಿಕ್ಕತ್ತದ ಬೇಬಿ, ಉಸರು ಭಾಳ ತಡಾ ಆಗ್ಲಿಕ್ಕತ್ತದ."

ಹೊರಗೆ ಹೋಗಿದ್ದ ಅವಳ ಮಗ ಅಷ್ಟರಲ್ಲಿ ಓಡಿ ಬಂದು ಮಾಮಾನನ್ನು ಹೊತ್ತುಕೊಂಡು ಇಳಿದ. ಅವರಿಬ್ಬರ ಹಿಂದೆ ಹೊರಟ ಇನ್ನೊಂದು ರಿಕ್ಷಾದಲ್ಲಿ ಅತ್ತೆ ತನ್ನ ಮುರಿದ ಕಾಲನ್ನು ನನ್ನ ತೊಡೆಯ ಮೇಲೆ ಚಾಚಿ ಕೂತಳು. ಪ್ರತಿ ಹೊಂಡಕ್ಕೂ ಅವಳ ಮುಖ ಬೆಳ್ಳಗಾಗುತ್ತಿತ್ತು. ಬಾಯಿಂದ ಒಂದು ಶಬ್ದ ಬರಲಿಲ್ಲ.

ಆಸ್ಪತ್ರೆಯಲ್ಲಿ ಮಾಮಾನಿಗೆ ಆಕ್ಸಿಜನ್ ಹಚ್ಚಿದರು, ಏನೋ ಸೂಜಿ ಚುಚ್ಚಿದರು, ಸಂಜೆಯ ತನಕ ಪಕ್ಕದಲ್ಲಿ ನರ್ಸ್ ಒಬ್ಬಳನ್ನು ಕೂಡಿಸಿದರು. ಮೂರು ಗಂಟೆಗೆ ಅವರು ಕಣ್ಣು ಬಿಟ್ಟು "ಚಾ" ಅಂದಾಗ ನಾವು ಉಸಿರಾಡಿದೆವು. ಡಾಕ್ಟರು ಮೊದಲು ಎಲ್ಲರನ್ನೂ ಸೇರಿಸಿ ಬೈದರು. ಬೈದು ಮುಗಿದ ಮೇಲೆ ಅತ್ತೆಯ ಕಾಗದ ತಿರುವಿ ಹಾಕಿ, ಈ ಗುಳಿಗೆ ನಿಮಗೆ ಹೇಗೆ ಆಗುತ್ತಿದೆ ಎಂದು ಕೇಳಿದರು. ಏನೂ ಆಗುತ್ತಿಲ್ಲ ಎಂದು ಅತ್ತೆ ಹೇಳಿದಾಗ ಅವರು ನಗಲಿಲ್ಲ. ಹಿಂದಿ ಮರಾಠಿ ಬೆರೆಸಿ ವಿವರಿಸಿದರು. ಈ ಔಷಧಿ ಹೊಟ್ಟೆಗೆ ಹೋದ ಮೇಲೆ ಪಿತ್ತಜನಕಾಂಗದಲ್ಲಿ ಬದಲಾಗಬೇಕು, ಆಗಲೇ ಅದಕ್ಕೆ ಪೂರ್ತಿ ಶಕ್ತಿ. ಕೆಲವರ ಮೈಯಲ್ಲಿ ಆ ಕೆಲಸ ಆಗುವುದೇ ಇಲ್ಲ, ಅವರಿಗೆ ಗುಳಿಗೆ ತಾಗುವುದಿಲ್ಲ. ಕೆಲವರಲ್ಲಿ ವಿಪರೀತ ಬೇಗ ಆಗುತ್ತದೆ, ಅವರಿಗೆ ಒಂದೇ ಗುಳಿಗೆ ಹೆಚ್ಚು. ಹುಟ್ಟಿನಿಂದ ಬರುವುದು, ಯಾರ ತಪ್ಪೂ ಅಲ್ಲ. "ನಿಮ್ಮ ಮನೆಯಲ್ಲಿ ಎರಡೂ ಥರದವರು ಇರುವ ಹಾಗೆ ಕಾಣುತ್ತದೆ," ಎಂದು ಬೇರೆ ಔಷಧಿ ಬರೆಯತೊಡಗಿದರು.

ಅತ್ತೆ ಕನ್ನಡದಲ್ಲಿಯೇ ಕೇಳಿದಳು: "ಅಂದ್ರ ನಾ ಸುಳ್ಳ ಹೇಳಿದ್ದಿಲ್ಲ?"

ಡಾಕ್ಟರಿಗೆ ಕನ್ನಡ ಬಾರದು. ಏನಂತೆ ಎಂದು ನನ್ನ ಮುಖ ನೋಡಿದರು. ಅದನ್ನು ಹಿಂದಿಗೆ ತಿರುಗಿಸಬೇಕಾಗಿದ್ದವಳು ನಾನು. ನಾಲ್ಕು ದಿನ ನಕ್ಕವಳೂ ನಾನೇ. ನಾನು ಬಗ್ಗಿ ಅತ್ತೆಯ ಕಾಲಿನ ಪಟ್ಟಿ ಸರಿಮಾಡತೊಡಗಿದೆ. ಅವಳ ಮಗ ಹೇಳಿದ: "ಡಾಕ್ಟರ್, ಮಮ್ಮಿ ಸಚ್ ಬೋಲ್ ರಹೀ ಥೀ."

ರಾತ್ರಿ ಮಾಮಾನನ್ನು ಮನೆಗೆ ಕಳಿಸಿದರು. ಮರುದಿನ ಬೆಳಿಗ್ಗೆ ಇಡ್ಲಿ ತೆಗೆದುಕೊಂಡು ಅವರ ಮನೆಗೆ ಹೋದೆ. ಹೊಸ ಔಷಧಿ ತಾಗಿತ್ತು. ಒಂಬತ್ತಾದರೂ ಅತ್ತೆ ಮಲಗಿದ್ದಳು, ಐದು ದಿನಗಳಲ್ಲಿ ಮೊದಲ ನಿದ್ದೆ. ಮಾಮಾ ಮಂಚದ ಪಕ್ಕ ಕುರ್ಚಿ ಹಾಕಿಕೊಂಡಿದ್ದರು. ನನ್ನನ್ನು ನೋಡಿ ಸದ್ದು ಮಾಡಬೇಡ ಎಂದು ಸನ್ನೆ ಮಾಡಿದರು.

"ಮಾಮಾ," ಎಂದು ಪಿಸುಗುಟ್ಟಿದೆ, "ಡಾಕ್ಟರು ಅಷ್ಟು ಹೇಳಿದ್ರೂ ಯಾಕ ನುಂಗಿದ್ರಿ?"

ಅವರು ಅತ್ತೆಯ ಹೊದಿಕೆ ಸರಿಪಡಿಸಿದರು.

"ಗುಳಿಗಿ ಖರೇನೇ ಖಾಲಿ ಅದನೋ ಏನೋ, ನೋಡಬೇಕಿತ್ತು," ಅಂದರು. "ನೀವ್ಯಾರೂ ನಂಬಲಿಲ್ಲ. ಆಕಿ ನೋವಂತೂ ನನಗ ತಗೊಳ್ಳಿಕ್ಕೆ ಬರೂದಿಲ್ಲ. ಗುಳಿಗಿನರ ತಗೋಬಹುದಲ್ಲ."

ಮಂಚದ ಮೇಲಿನಿಂದ, ಕಣ್ಣು ಮುಚ್ಚಿಕೊಂಡೇ ಅತ್ತೆ ಮಾತಾಡಿದಳು. ಎಷ್ಟು ಹೊತ್ತಿನಿಂದ ಎಚ್ಚರವಿದ್ದಳೋ ಏನೋ.

"ಬೇಬಿ, ಅವರಿಗೆ ಒಂದ ಕಪ್ ಚಾ ಮಾಡಿ ಕೊಡು. ಇವತ್ತೊಂದಿನ ಸಕ್ಕರಿ ಹಾಕು."