ಹದಿನಾರು ಎಣಿಸುವಷ್ಟು ಹೊತ್ತು

ಕೀಬೋರ್ಡು ಬಂದದ್ದರಿಂದಲೇ ತನ್ನ ಬ್ಯಾಂಡು ನಿಂತುಹೋಯಿತು ಎಂದು ನನ್ನ ಮೈದುನ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾನೆ. ಸುಳ್ಳು. ಅದು ನಿಂತದ್ದು ಅವನು ಹಾಡಿನ ಮಧ್ಯೆ ಸುಮ್ಮನಾಗುತ್ತಿದ್ದುದರಿಂದ. ಬಾರಿಸಲಿ ಎಂದು ಕರೆಸಿದರೆ ಸುಮ್ಮನೆ ಕೂರುವವನನ್ನು ಯಾರಾದರೂ ಎರಡನೇ ಸಲ ಕರೆಯುತ್ತಾರೆಯೇ? ನಾನು ಓದಿದ್ದು ನಾಲ್ಕನೇ ಕ್ಲಾಸು. ನನಗೇ ಇದು ಗೊತ್ತಾಗಿತ್ತು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ನಮ್ಮ ಮಾವನವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಚೆಲ್ಲೊ ಬಾರಿಸುತ್ತಿದ್ದರು. ಚೆಲ್ಲೊ ಎಂದರೆ ಪಿಟೀಲೇ, ಆದರೆ ಹೆಚ್ಚುಕಡಿಮೆ ನನ್ನಷ್ಟೇ ಎತ್ತರ, ಸೊಂಟವೂ ನನ್ನ ಹಾಗೇ. ಅವರು ಹೋದಮೇಲೆ ಅದು ನಜರ್‌ಬಾದಿನ ನಮ್ಮ ಮನೆಯ ಮೂಲೆಯಲ್ಲಿ ನಿಂತಿತ್ತು. ನಾನು ಅದರ ಕತ್ತಿನ ಮೇಲೆ ಒದ್ದೆ ಟವೆಲು ಒಣಹಾಕುತ್ತಿದ್ದೆ. ತೊಂಬತ್ತರ ದಶಕದ ಶುರುವಿನಲ್ಲಿ ಒಂದು ದಿನ ಮೈದುನ ಆ ಟವೆಲನ್ನು ತೆಗೆದು ನನ್ನ ಕೈಗೆ ಕೊಟ್ಟ.

"ಅತ್ತಿಗೆ, ನಾನೊಂದು ಬ್ಯಾಂಡ್ ಕಟ್ತೀನಿ."

"ಸಿನಿಮಾ ಹಾಡಿಂದಾ?"

"ಸಿನಿಮಾ ಹಾಡು ಎಲ್ಲಾರೂ ಬಾರಿಸ್ತಾರೆ. ನಮ್ದು ಸ್ವಂತ ಹಾಡು."

"ಸ್ವಂತ ಹಾಡು ಯಾರು ಕೇಳ್ತಾರೋ?"

"ನೀವು ಕೇಳ್ತೀರಲ್ಲ."

"ನಂಗೆ ಬೇರೆ ದಾರಿ ಇಲ್ಲ ಕಣೋ. ನೀನು ಬಾರಿಸೋ ಕೋಣೆ ಅಡುಗೆಮನೆ ಪಕ್ಕದಲ್ಲೇ ಐತೆ."

ಮೊದಲು ನಾಲ್ಕು ಜನ ಇದ್ದರು. ಎರಡು ವರ್ಷಕ್ಕೆ ಹನ್ನೊಂದಾದರು: ಪಿಟೀಲಿನವರೇ ಐವರು, ಕೊಳಲಿನವರು ಇಬ್ಬರು, ಗಿಟಾರು, ಡ್ರಮ್ಮು, ಚೆಲ್ಲೊ ಹಿಡಿದ ಮೈದುನ, ಜೊತೆಗೆ ಪೊಲೀಸ್ ಬ್ಯಾಂಡಿನಿಂದ ಪಿಂಚಣಿ ಪಡೆದಿದ್ದ ಕ್ಲಾರಿನೆಟ್ ರಾಯರು. ಹಾಡುಗಳೆಲ್ಲ ಮೈದುನನವೇ. ಬೆಟ್ಟದ ಮೇಲಿನ ಮಂಜಿನ ಮೇಲೆ ಒಂದು, ಇಲವಾಲದ ಬಸ್ಸಿಗೆ ಕಾಯುವುದರ ಮೇಲೆ ಒಂದು. ರಾಗಗಳು ಚೆನ್ನಾಗಿದ್ದವು, ಅದನ್ನು ಇಲ್ಲ ಎನ್ನುವುದಿಲ್ಲ. ಆದರೆ ಪ್ರತಿ ಹಾಡಿನ ನಡುವೆ ಹನ್ನೊಂದು ಜನವೂ ಗಪ್ಪನೆ ನಿಲ್ಲಬೇಕು. ಮೈದುನ ಬಲಗೈ ಮೇಲೆತ್ತಿ ಮನಸ್ಸಿನಲ್ಲೇ ಹದಿನಾರು ಎಣಿಸುತ್ತಾನೆ. ಕೈ ಇಳಿಸಿದ ಮೇಲೆ ಎಲ್ಲರೂ ಮತ್ತೆ ಒಟ್ಟಿಗೆ ಶುರು. ತೊಟ್ಟಿಲಲ್ಲಿದ್ದ ನನ್ನ ಮೊಮ್ಮಗಳು ಡ್ರಮ್ಮಿನ ಸದ್ದಿಗೆ ನಿದ್ದೆ ಮಾಡುತ್ತಿದ್ದಳು, ಸದ್ದು ನಿಂತಾಗ ಬೆಚ್ಚಿ ಅಳುತ್ತಿದ್ದಳು. ನಾನು ಒಳಗಿನಿಂದ ಕೂಗುತ್ತಿದ್ದೆ, "ಮುಗೀತೇನೋ? ಕಾಫಿ ತರ್ಲಾ?"

"ಇನ್ನೂ ಒಂಬತ್ತು ಬಾಕಿ ಇತ್ತು ಅತ್ತಿಗೆ," ಎಂದು ಅವನು ಮೊದಲಿನಿಂದ ಶುರುಮಾಡಿಸುತ್ತಿದ್ದ.

ಯಾಕಪ್ಪಾ ಈ ಹಟ ಎಂದು ಒಮ್ಮೆ ಕೇಳಿದೆ.

"ಅಪ್ಪ ಹೇಳ್ತಿದ್ರು, ದರ್ಬಾರಲ್ಲಿ ಬ್ಯಾಂಡು ನಿಂತಾಗ ಚಾಮರ ಬೀಸೋ ಸದ್ದೂ ಕೇಳಿಸ್ತಿತ್ತಂತೆ. ನಂಗೂ ಒಂದ್ಸಲ, ಒಂದೇ ಒಂದ್ಸಲ ಜನ ಹಂಗೆ ಕೂತಿರ್ಬೇಕು."

"ಮಹಾರಾಜರು ಕೂತಿರೋವಾಗ ಯಾರು ಎದ್ದು ಹೋಗ್ತಾರೋ? ನಿನ್ನೆದುರು ಕೂರೋನು ಲಾಸ್ಟ್ ಬಸ್ ಹಿಡೀಬೇಕು."

ಅವನು ನಕ್ಕ. ಬಿಡಲಿಲ್ಲ.

ಒಂದು ಆರತಕ್ಷತೆಗೆ ಕರೆದರು. ಎರಡನೇ ಹಾಡಿನಲ್ಲಿ ಕೈ ಮೇಲೆ ಹೋಯಿತು. ಏಳು ಎಣಿಸುವಷ್ಟರಲ್ಲಿ ಅಡುಗೆಯವರು ಬಾಗಿಲಿಗೆ ಬಂದು, "ಎಲೆ ಹಾಕಿದೆ, ಎಲ್ರೂ ಏಳಿ" ಎಂದರು. ಅಂಥ ಮಾತನ್ನು ಮೈಸೂರಿನವರಿಗೆ ಎರಡು ಸಲ ಹೇಳಬೇಕೇ? ಕೈ ಇಳಿಯುವ ಹೊತ್ತಿಗೆ ಇನ್ನೂರು ಖಾಲಿ ಕುರ್ಚಿಗಳು. ಪೂರ್ತಿ ಹಾಡು ಕೇಳಿದವರು ಹೆಣ್ಣು ಗಂಡು ಇಬ್ಬರೇ. ಅವರಿಗೂ ಫೋಟೊದವನು ಏಳಲು ಬಿಟ್ಟಿರಲಿಲ್ಲ.

ಮುಂದಿನ ವರ್ಷ ಗಣೇಶನ ಪೆಂಡಾಲಿನಲ್ಲಿ ಇನ್ನೂ ಚೆಂದ. ಸದ್ದು ನಿಂತ ಕೂಡಲೇ ಮೈಕಿಗೆ ಕರೆಂಟು ಹೋಯಿತೆಂದು ತಿಳಿದ ಸಂಘದ ಕಾರ್ಯದರ್ಶಿ ಓಡಿಹೋಗಿ ಫ್ಯೂಸು ನೋಡಲು ಕಿತ್ತೇಬಿಟ್ಟರು. ಹದಿನಾರನೇ ಎಣಿಕೆಗೆ ಗಣಪತಿಯೂ ಕಾಣಿಸುತ್ತಿರಲಿಲ್ಲ.

"ನಾಲ್ಕು ಎಣಿಸು ಸಾಕು," ಎಂದು ಕ್ಲಾರಿನೆಟ್ ರಾಯರೂ ಬೇಡಿಕೊಂಡರು. "ನಾಲ್ಕಕ್ಕೆ ಜನ ಎದ್ದರೂ ಪಂಚೆ ಸರಿಮಾಡ್ಕೊಳ್ಳೋದರೊಳಗೆ ನಾವು ಶುರು ಮಾಡ್ಬೋದು."

ಇವನು ಒಪ್ಪಲಿಲ್ಲ. ಇಸವಿ ಎರಡು ಸಾವಿರ ದಾಟಿದ ಮೇಲೆ ಕೀಬೋರ್ಡು ಬಂತು ನಿಜ. ಅದನ್ನು ಬಾರಿಸುವವನು ಒಬ್ಬನೇ ಬಂದು ಹನ್ನೊಂದು ಜನರ ಸದ್ದನ್ನೂ ಮಾಡುತ್ತಿದ್ದ, ನಿಲ್ಲಿಸುತ್ತಿರಲಿಲ್ಲ. ಪಿಟೀಲಿನವರು ಒಬ್ಬೊಬ್ಬರಾಗಿ ಸಿನಿಮಾ ಹಾಡಿನ ಆರ್ಕೆಸ್ಟ್ರಾಗಳಿಗೆ ಹೋದರು. ಕ್ಲಾರಿನೆಟ್ ರಾಯರ ಮುಂದಿನ ಹಲ್ಲುಗಳು ಹೋಗಿ ಕಟ್ಟಿಸಿಕೊಂಡ ಹಲ್ಲು ಬಂದಿತು. ಅದು ಬೇರೆ ಶ್ರುತಿಯಲ್ಲಿತ್ತು. ಕೊನೆಗೆ ಐವರು ಉಳಿದರು. "ಒಂದು ಕೊನೇ ಪ್ರೋಗ್ರಾಂ ಮಾಡಿ ಮುಗಿಸ್ಬುಡ್ತೀನಿ ಅತ್ತಿಗೆ," ಎಂದ. "ಮುಗಿಸು," ಎಂದೆ.

ನಮ್ಮ ಬೀದಿಯ ಶಾಲೆಯ ಹಾಲ್, ಭಾನುವಾರ ನಾಲ್ಕು ಗಂಟೆ. ನಲವತ್ತು ಜನ ಬಂದಿದ್ದರು. ಬ್ಯಾಂಡು ಬಿಟ್ಟುಹೋಗಿದ್ದ ಆರು ಜನವೂ ಬಂದು ಮುಂದಿನ ಸಾಲಿನಲ್ಲಿ ಮುಖ ತಗ್ಗಿಸಿಕೊಂಡು ಕೂತರು. ಕೇಸರಿಬಾತು ಮಾಡಿದ್ದೆ. ಮೊದಲೇ ಕೊಟ್ಟರೆ ತಿಂದು ಎದ್ದುಹೋಗುತ್ತಾರೆಂದು ಪಾತ್ರೆಯ ಮುಚ್ಚಳ ತೆಗೆಯಲಿಲ್ಲ. ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತೆ.

"ಸ್ವಲ್ಪ ಜಾಗ ಬಿಡಿ ಅಮ್ಮ, ಆಚೆ ಹೋಗಿ ಬರ್ತೀನಿ," ಎಂದರು ಒಬ್ಬರು.

"ಹಾಡು ಮುಗಿದ್ಮೇಲೆ ಹೋಗಿ."

"ಅರ್ಜೆಂಟು ಕಣಮ್ಮ."

"ಹದಿನಾರು ಎಣಿಸಿ, ಸರಿಹೋಗುತ್ತೆ."

ಕೊನೆಯ ಹಾಡು. ಕೈ ಮೇಲೆ ಹೋಯಿತು. ನಾನೂ ಎಣಿಸಿದೆ. ಎಂಟು, ಹತ್ತು, ಹದಿನಾರು. ಯಾರೂ ಅಲುಗಲಿಲ್ಲ. ಕೈ ಇಳಿಯಲಿಲ್ಲ. ಇಪ್ಪತ್ತು. ಮೂವತ್ತು. ರಾಯರು ಕ್ಲಾರಿನೆಟ್ಟನ್ನು ಬಾಯಿಗಿಟ್ಟುಕೊಂಡೇ ಅವನನ್ನು ನೋಡುತ್ತಿದ್ದರು. ಎಣಿಕೆ ಮರೆತುಬಿಟ್ಟನೇ ಮುಠ್ಠಾಳ ಎಂದುಕೊಂಡೆ. ಕೂಗಲು ಬಾಯಿ ತೆರೆದೆ. ಆಗ ಅವನ ಮುಖ ಕಂಡಿತು. ಮರೆತಿರಲಿಲ್ಲ. ಕೈ ಇಳಿದರೆ ಬಾರಿಸಬೇಕು, ಬಾರಿಸಿದರೆ ಮುಗಿಯುತ್ತದೆ. ಯಾರು ತಾನೇ ಇಳಿಸುತ್ತಾರೆ?

ಬಾಯಿ ಮುಚ್ಚಿಕೊಂಡೆ.

ಅರುವತ್ತನಾಲ್ಕಕ್ಕೆ ಇಳಿಸಿದ. ಬಾರಿಸಿದರು. ಮುಗಿಯಿತು. ನಾನು ಕೇಸರಿಬಾತು ಹಂಚಿದೆ.

ಮನೆಗೆ ನಡೆದು ಬರುತ್ತಾ, "ಎಲ್ಲಾ ಕೂತಿದ್ರು ಅಲ್ವಾ ಅತ್ತಿಗೆ," ಎಂದ.

"ಬಾಗಿಲಲ್ಲಿ ನಾನಿದ್ದೆನಲ್ಲ."

"ಗೊತ್ತು. ಆದ್ರೂ ಕೂತಿದ್ರು."

"ಹೂಂ. ಕೂತಿದ್ರು."

ಮರುದಿನ ಬೆಳಿಗ್ಗೆ ಬ್ಯಾಂಕಿಗೆ ರಜೆ ಹಾಕಿ ಎಂಟು ಗಂಟೆಯಾದರೂ ಮಲಗಿದ್ದ. ಸಾರಿಗೆ ಬೇಳೆ ತೊಳೆದು ಕುಕ್ಕರು ಎತ್ತಿಕೊಂಡವಳು ಮತ್ತೆ ಕೆಳಗಿಟ್ಟೆ. ಅದು ಮೂರು ಸಲ ಕೂಗುತ್ತದೆ. ಬೇಳೆಯನ್ನು ಬರೀ ಪಾತ್ರೆಯಲ್ಲೇ ಬೇಯಲು ಇಟ್ಟೆ. ಒಂದೂಕಾಲು ಗಂಟೆ ಹಿಡಿಯಿತು. ಗ್ಯಾಸು ದಂಡ.