ಅಚ್ಚು ಅಲುಗಿದ್ದೋ, ಅಚ್ಚೇ ಹಾಗೋ?

ಒಂದು ವಸ್ತು ಎರಡಾಗಿ ಕಂಡರೆ ಬುದ್ಧಿವಂತರು ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಾರೆ. ನಾಣ್ಯದ ಹುಚ್ಚು ಹಿಡಿದವನು ಕುಣಿದಾಡುತ್ತಾನೆ. ನಾನು ಈ ಎರಡನೆಯ ಜಾತಿಯವನು. ಹಲಸೂರಿನ ಹೂವಿನಂಗಡಿಯಲ್ಲಿ ಚಿಲ್ಲರೆಯಾಗಿ ಬಂದ ಎರಡು ರೂಪಾಯಿಯ ಮೇಲೆ ಅಕ್ಷರಗಳೆಲ್ಲ ಜೋಡಿಜೋಡಿಯಾಗಿ ಕಂಡಾಗ, ಕೊಂಡ ಮಲ್ಲಿಗೆಯನ್ನು ಅಲ್ಲೇ ಮರೆತು ಜೋಗುಪಾಳ್ಯದ ಮನೆಗೆ ಓಡಿದ್ದೆ.

ಹೆಂಡತಿ ಗಿರಿಜಾ ಮಲ್ಲಿಗೆ ಕೇಳಿದಳು. ನಾನು ನಾಣ್ಯ ತೋರಿಸಿದೆ. ಆಗ ಒಂದು ಕರಾರಾಯಿತು: ಇದು ನಿಜಕ್ಕೂ ಬೆಲೆಬಾಳುವ ಅಪರೂಪದ ನಾಣ್ಯವಾದರೆ ನನ್ನ ನಾಣ್ಯದ ಬಿಸ್ಕತ್ತು ಡಬ್ಬ ಶೋಕೇಸಿನಲ್ಲೇ ಇರಬಹುದು, ಇಲ್ಲದಿದ್ದರೆ ಅಟ್ಟಕ್ಕೆ. ಅಟ್ಟ ಸೇರಿದ್ದು ನಮ್ಮ ಮನೆಯಲ್ಲಿ ಮತ್ತೆ ಇಳಿದ ಚರಿತ್ರೆಯಿಲ್ಲ. ನನಗೆ ನಿಜಕ್ಕೂ ದಿಗಿಲಾಯಿತು.

ಬಾಣಸವಾಡಿಯ ಗೆಳೆಯ ಮುನಿರಾಜು ನನಗಿಂತ ಹಳೆಯ ಹುಚ್ಚ. ಫೋನಿನಲ್ಲೇ ಉಪದೇಶ ಮಾಡಿದ: "ಮಗಾ, ಟಂಕಸಾಲೆ ಅಚ್ಚಲ್ಲೇ ಅಕ್ಷರ ಎರಡು ಸಲ ಕೂತಿದ್ರೆ ಎರಡು ಅಕ್ಷರಾನೂ ದುಂಡಗೆ ಎದ್ದಿರತ್ತೆ, ತುದಿ ಸೀಳಿರತ್ತೆ. ನಾಣ್ಯ ಒತ್ತೋವಾಗ ಮಿಷಿನ್ ಅಲುಗಿದ್ದಾದ್ರೆ ಅಕ್ಷರದ ಪಕ್ಕ ಚಪ್ಪಟೆ ಮೆಟ್ಟಿಲು, ಅಷ್ಟೇ. ಮೊದಲ್ನೇದಕ್ಕೆ ಭಾರಿ ಬೆಲೆ. ಎರಡ್ನೇದಕ್ಕೆ ಎರಡು ರೂಪಾಯಿ."

ಭೂತಗನ್ನಡಿ ಹಿಡಿದು ಊಟದ ಮೇಜಿಗೆ ಕೂತೆ. ಕಿಟಕಿಯ ಕಡೆ ತಿರುಗಿಸಿದರೆ ದುಂಡಗೆ, ಟ್ಯೂಬ್‌ಲೈಟಿಗೆ ಹಿಡಿದರೆ ಚಪ್ಪಟೆ. ಹಾಗಾಗಿ ಕಿಟಕಿಯನ್ನೇ ನಂಬಿದೆ. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಗಿರಿಜಾ ಸಂಕ್ರಾಂತಿಗೆಂದು ಮರದ ಅಚ್ಚುಗಳಿಗೆ ಸಕ್ಕರೆ ಪಾಕ ಹೊಯ್ಯುತ್ತಿದ್ದಳು. ಬಿಡಿಸಿದಾಗ ಒಂದು ಗಿಳಿಗೆ ಎರಡು ಕೊಕ್ಕು!

"ಗಿರಿಜಾ, ನಿಂದೂ ಡಬಲ್!" ಎಂದು ಕೂಗಿದೆ.

"ಡಬಲ್ಲೂ ಇಲ್ಲ, ಮಣ್ಣೂ ಇಲ್ಲ. ಆವಾಗಿಂದ ನೀವು ಮೇಜು ಅಲ್ಲಾಡಿಸ್ತಾ ಇದೀರಲ್ಲ, ಅಚ್ಚು ಜರುಗಿದೆ. ಈ ಆನೆ ನೋಡಿ, ನಮ್ಮತ್ತೆ ಕಾಲದಿಂದ ಪ್ರತಿ ಆನೆಗೂ ಸೀಳು ಕಿವೀನೇ. ಅದು ಅಚ್ಚಲ್ಲೇ ಇರೋದು."

ಗಿಳಿಯ ಎರಡನೆಯ ಕೊಕ್ಕನ್ನು ಭೂತಗನ್ನಡಿಯಲ್ಲಿ ನೋಡಿದೆ. ಚಪ್ಪಟೆ ಮೆಟ್ಟಿಲು. ನಾಣ್ಯವನ್ನು ನೋಡಿದೆ. ಈ ಸಲ ಕಿಟಕಿಯೂ ಕೈಕೊಟ್ಟಿತು. ಗಿಳಿಯನ್ನು ಬಾಯಿಗೆ ಹಾಕಿಕೊಂಡು ಸಾಕ್ಷ್ಯ ನಾಶಮಾಡಿದೆ.

ಡಬ್ಬ ಎತ್ತಿಕೊಂಡು ಅಟ್ಟದ ಏಣಿ ಹತ್ತುತ್ತಿದ್ದೆ. ಕೆಳಗೆ, ಕಾಲೇಜಿನಿಂದ ಬಂದ ಮಗಳು ಭೂತಗನ್ನಡಿ ಎತ್ತಿಕೊಂಡು ತನ್ನ ಪರ್ಸಿನ ಚಿಲ್ಲರೆಯನ್ನೆಲ್ಲ ಮೇಜಿನ ಮೇಲೆ ಸುರಿದಳು. "ಅಪ್ಪಾ, ಬೇಗ ಬಾ! ಈ ಐದು ರೂಪಾಯೀಲಿ ಎಲ್ಲಾ ಎರಡೆರಡು ಕಾಣ್ತಿದೆ!"

ಗಿರಿಜಾ ನನ್ನನ್ನೊಮ್ಮೆ ನೋಡಿದಳು, ಮಗಳನ್ನೊಮ್ಮೆ ನೋಡಿದಳು. "ಇದು ಮಾತ್ರ ಅಲುಗಾಡಿ ಆಗಿದ್ದಲ್ಲ ಕಣ್ರೀ. ಅಚ್ಚೇ ಹಾಗೆ."

ನನ್ನ ಡಬ್ಬ ಅಟ್ಟದಲ್ಲಿದೆ. ಶೋಕೇಸಿನ ಆ ಜಾಗದಲ್ಲಿ ಈಗ ಮಗಳ ಡಬ್ಬ. ಮುಟ್ಟಬೇಕಾದರೆ ನಾನು ಕೈ ತೊಳೆದುಕೊಂಡು ಬರಬೇಕಂತೆ.