ಮಾವ, ಟ್ಯಾಬು ಮತ್ತು ನನ್ನ ಗಂಟಲು

ನಮ್ಮ ಸೋದರಮಾವ ನಾಳೆ ಸ್ವರ್ಗದ ಬಾಗಿಲಿಗೆ ಹೋದರೂ ಸೀದಾ ಒಳಗೆ ಕಾಲಿಡುವ ಮನುಷ್ಯನಲ್ಲ. "ತಡೀರಿ, ನರಕಾನೂ ಒಮ್ಮೆ ನೋಡ್ಕೊಂಡು ಬರ್ತೇನಿ" ಅಂತಾನೆ!

ಇಳಕಲ್‌ನಲ್ಲಿ ಸೀರೆ ನೇಯುವ ಈ ಮಹಾನುಭಾವ ಹೋಲಿಸಿ ನೋಡದೆ ಏನನ್ನೂ ಕೊಂಡವನಲ್ಲ. ಒಂದು ಕಸಬರಿಗೆ ಬೇಕಾದರೂ ಮೂರು ಅಂಗಡಿ ಹತ್ತಿಳಿದು, ಮೂರರಲ್ಲೂ ಕಸ ಹೊಡೆದು ನೋಡುತ್ತಾನೆ. ಅವನು ಬರುತ್ತಾನೆಂದು ಗೊತ್ತಾದರೆ ಅಂಗಡಿಯವರು ಅವತ್ತು ಕಸ ಹೊಡೆಯದೆ ಕಾಯುತ್ತಾರೆ ಅಂತ ನಮ್ಮತ್ತೆಯ ದೂರು.

ಇಂಥವನ ಕೈಗೆ ನಾನು ಸಿಕ್ಕಿಬಿದ್ದದ್ದು ಗಂಟಲಿನ ದೆಸೆಯಿಂದ. ಐಹೊಳೆಯಲ್ಲಿ ಗೈಡ್ ಕೆಲಸ ನನ್ನದು. ಗುಡಿಗಳ ಮುಂದೆ ಬಿಸಿಲಲ್ಲಿ ನಿಂತು ವರ್ಷಾನುಗಟ್ಟಲೆ ಒದರಿ ಒದರಿ ಗಂಟಲಲ್ಲೊಂದು ಗಂಟು ಬೆಳೆಯಿತು. ಬಾಗಲಕೋಟೆಯಲ್ಲಿ ಆಪರೇಷನ್ ಆಯಿತು. "ಎರಡು ತಿಂಗಳು ತುಟಿ ಪಿಟ್ ಅನ್ನಬಾರದು. ಆಮ್ಯಾಲೂ ದನಿ ಎಷ್ಟು ಬರ್ತೈತಿ, ಈಗ ಹೇಳಾಕ ಆಗಂಗಿಲ್ಲ" ಅಂದರು ಡಾಕ್ಟರು. ಮಾತು ಮಾರಿ ಬದುಕುವವನ ಬಾಯಿಗೇ ಬೀಗ! ಮಗಳ ಪಾಟಿ ಬಳಪ ಹಿಡಿದು ಮನೆಯಲ್ಲಿ ಕೂತೆ.

ನೋಡಲು ಬಂದ ಮಾವ ನನ್ನನ್ನು ನೋಡಿದ, ಪಾಟಿಯನ್ನು ನೋಡಿದ. "ನಾವು ಬರದದ್ದನ್ನ ಓದಿ ಹೇಳೂ ಟ್ಯಾಬ್ ಸಿಗ್ತಾವಂತ. ಏಳು ಅಳಿಯಾ, ತರೂಣು" ಅಂದ. "ಫೋನೇ ಸಾಕು ಮಾವಾ" ಎಂದು ಬರೆದೆ. "ಇಪ್ಪತ್ತು ಮಂದಿ ನಿಂತ್ರ ಫೋನಿನ ದನಿ ಯಾರಿಗೆ ಕೇಳ್ತೈತಿ?" ಎಂದು ಅಂಗೈಯಿಂದ ಒರೆಸಿಬಿಟ್ಟ. ವಾದ ಮುಗಿಯಿತು!

ಮೊದಲು ಬಾಗಲಕೋಟೆ. ಅಂಗಡಿಯ ಹುಡುಗಿ ಇಂಚು, ಜಿಬಿ, ಕ್ಯಾಮೆರಾ ಎಂದು ಪಟಪಟ ಹೇಳುತ್ತಿದ್ದಂತೆಯೇ ಮಾವ ಟ್ಯಾಬನ್ನು ಎತ್ತಿಕೊಂಡು ಹೊರಗೆ ನಡೆದೇಬಿಟ್ಟ. ಮಾಲೀಕ ಗಾಬರಿಯಾಗಿ ಬೆನ್ನಟ್ಟಿದ. "ಯಜಮಾನ್ರ, ಎಲ್ಲಿಗೆ ಹೊಂಟ್ರಿ?"

"ಬಿಸಲಿಗ್ರಿ! ಸೀರಿ ಬಣ್ಣ ಯಾರರ ಅಂಗಡಿ ದೀಪದಾಗ ನೋಡ್ತಾರೇನು? ನಮ್ಮ ಅಳಿಯನ ಕೆಲಸ ಬಯಲಾಗ ಐತಿ."

ಬಿಸಿಲಿಗೆ ಹಿಡಿದರೆ ಅಕ್ಷರ ಒಂದೂ ಕಾಣಲಿಲ್ಲ. ಕಂಡದ್ದು ಮಾವನ ಮೀಸೆ ಮಾತ್ರ. "ಕನ್ನಡಿ ನಮ್ಮನ್ಯಾಗ ಐತ್ರಿ" ಎಂದು ತಿರುಗಿ ಕೊಟ್ಟ.

ಮರುದಿನ ಬೆಳಗ್ಗೆಯೇ ಹುನಗುಂದ. ಅಲ್ಲಿಯ ಟ್ಯಾಬು ಬಿಸಿಲಿನ ಪರೀಕ್ಷೆಯಲ್ಲಿ ಪಾಸಾಯಿತು. "ಬ್ಯಾಟರಿ ಹತ್ತು ತಾಸು ಬರ್ತೈತ್ರಿ" ಎಂದು ಅಂಗಡಿಯವನು ಬಾಯಿತಪ್ಪಿ ಹೇಳಿದ. "ಹೌದೇನು? ಹಚ್ರಿ, ನಾ ಕುಂದರ್ತೇನಿ" ಅಂದ ಮಾವ. ಕೂತೇಬಿಟ್ಟ! ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚಿ ಅಂಗಡಿಯವನಿಗೂ ಶೇಂಗಾ ಚಟ್ನಿ ಬಡಿಸಿದ. ನನಗೋ, ಬೈಯಬೇಕೆಂದರೂ ದನಿಯಿಲ್ಲ! ಸಂಜೆಗೆ ಲೆಕ್ಕಕ್ಕೆ ಸರಿಯಾಗಿ ಹತ್ತು ತಾಸು ಬ್ಯಾಟರಿ ಬಂತು. "ನೀವು ಖರೆ ಮಂದಿ ಅದೀರಿ" ಎಂದು ಕೈಮುಗಿದು ಎದ್ದ.

"ಹಂಗಾರ ಕಟ್ಟಲ್ರಿ?"

"ಇನ್ನೂ ಇಳಕಲ್ ನೋಡಿಲ್ಲಲ್ರಿ!"

ಇಳಕಲ್‌ನ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಮೂರು ಟ್ಯಾಬುಗಳನ್ನು ಸಾಲಾಗಿ ಇಡಿಸಿದ. ಮೂರರಲ್ಲೂ ಒಂದೇ ಬೆರಳಲ್ಲಿ "ಯಾಕೋ ತಮ್ಮಾ, ಉಂಡೀ ಏನು?" ಎಂದು ಬರೆದ. ಅಗ್ಗದ್ದರ ಪರದೆಯ ಮೇಲೆ ಬಹಳ ಹೊತ್ತು ಚಕ್ರ ತಿರುಗುತ್ತಲೇ ಇತ್ತು. "ಇದು ಎಲಿ ಅಡಕಿ ಹಾಕ್ಕೊಂಡ ಮ್ಯಾಲ ಮಾತಾಡ್ತೈತಿ. ಅಷ್ಟೊತ್ತಿಗೆ ಮಂದಿ ಬಸ್ ಹತ್ತಿರ್ತಾರ" ಎಂದು ಬದಿಗೆ ಸರಿಸಿದ. ನಡುವಿನದು ಬೇಗ ಮಾತಾಡಿತು, ಆದರೆ ದನಿ ಒಡೆಯುತ್ತಿತ್ತು. ಮೂರನೆಯದರ ದನಿ ಬೀದಿಗೆ ಕೇಳುವಷ್ಟು ಗಟ್ಟಿ, ಆದರೆ ಧಾಟಿ ಬೆಂಗಳೂರಿನದು. ಮಾವ ಮುಖ ಕಿವುಚಿದ. "ಉಂಡೀ ಏನು ಅಂತ ಕೇಳಿದ್ರ ವಾರ್ತೆ ಓದಿದಂಗ ಆಕ್ಕೈತಲ್ರಿ! ಇರ್ಲಿ, ನಮ್ಮ ಕಡೆ ಬಂತಂದ್ರ ಕಲೀತೈತಿ."

ಮೂರರಲ್ಲಿ ಅದರದೇ ಬೆಲೆ ಹೆಚ್ಚು. ಮಾವ ಒಂದು ಮಾತೂ ಚೌಕಾಸಿ ಮಾಡದೆ ಹಣ ಎಣಿಸಿ ಕೊಟ್ಟ. ಮಾವನ ಮನೆಗೆ ಬಂದು ನಾನು ಈ ಸುದ್ದಿ ಬರೆದು ತೋರಿಸಿದಾಗ ಅತ್ತೆ ಓಡಿಬಂದು ಅವನ ಹಣೆ ಮುಟ್ಟಿ ನೋಡಿದಳು, ಜ್ವರ ಬಂದಿದೆಯೇನೋ ಅಂತ!

ಐಹೊಳೆಗೆ ಮೊದಲ ದಿನ ಅವನೂ ಬಂದ. ಹಿಂದಿನ ದಿನವೆಲ್ಲ ಕೂತು ನಾನು ಗುಡಿಗಳ ಕಥೆಯನ್ನು ಬರೆದಿಟ್ಟಿದ್ದೆ. ಟ್ಯಾಬು ಓದಿತು, ಜನ ಕೇಳಿದರು. ಯಾರಾದರೂ ಪ್ರಶ್ನೆ ಹಾಕಿದರೆ ನಾನು ಉತ್ತರ ಒತ್ತಬೇಕು. ಆ ನಡುವೆ ಜನ ಚದುರದಂತೆ ಮಾವ ಕೈ ಅಡ್ಡ ಹಿಡಿದು ನಿಲ್ಲುತ್ತಿದ್ದ. "ಬರ್ಯಾಕತ್ತಾನ್ರಿ, ತಡೀರಿ. ಗಂಟಲಾ ಬಿದ್ದೈತಿ, ವಿದ್ಯಾ ಬಿದ್ದಿಲ್ಲ!" ಜನ ನಕ್ಕರು, ನಿಂತರು. ಎರಡು ತಿಂಗಳು ನಮ್ಮ ಮನೆಯ ಒಲೆ ಒಂದು ದಿನವೂ ತಣ್ಣಗಾಗಲಿಲ್ಲ.

ಕೊನೆಗೊಂದು ದಿನ ಡಾಕ್ಟರು ಗಂಟಲು ನೋಡಿ, "ಈಗ ಸಣ್ಣಗೆ ಮಾತಾಡ್ರಿ" ಅಂದರು. ದವಾಖಾನೆಯ ಮೆಟ್ಟಿಲ ಮೇಲೆ ನಿಂತೇ ಮಾವನಿಗೆ ಫೋನು ಹಚ್ಚಿದೆ. ಆ ಕಡೆ ಮಗ್ಗದ ಸದ್ದು.

"ಮಾವಾ" ಅಂದೆ. ಒಣ ಎಲೆ ತುಳಿದಂಥ ದನಿ. ನನಗೇ ಗುರುತು ಸಿಗಲಿಲ್ಲ.

"ಯಾರದು?"

"ನಾ, ಮಾವಾ."

ಮಗ್ಗ ನಿಂತಿತು.

"ಇನ್ನೊಮ್ಮೆ ಅನ್ನು."

"ಮಾವಾ."

"ಇನ್ನೊಮ್ಮೆ."

ಅವನಿಗೆ ಹೇಳಬೇಕೆಂದು ಎರಡು ತಿಂಗಳಿಂದ ಕೂಡಿಟ್ಟಿದ್ದ ಮಾತು ರಾಶಿ ಇತ್ತು. ಎಲ್ಲ ಮರೆತುಹೋಯಿತು. ಮೆಟ್ಟಿಲ ಮೇಲೆ ಕೂತು ಮತ್ತೆ ಮತ್ತೆ "ಮಾವಾ" ಎಂದಷ್ಟೇ ಕರೆದೆ. ಅವನು ಪ್ರತಿ ಸಲವೂ "ಹೂಂ" ಅಂದ.